ಹಲ್ಲಿನ ಕ್ಯಾಪ್ ತೊಂದರೆ ಕೊಟ್ಟರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕ್ಯಾಪಿಗೆ ನೋವಾಗುವುದಿಲ್ಲ. ಅದು ಲೋಹ, ಪಿಂಗಾಣಿ ಇಲ್ಲವೇ ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್. ಅದರಲ್ಲಿ ನರವಿಲ್ಲ, ಅದಕ್ಕೆ ಹುಳುಕೂ ಹಿಡಿಯುವುದಿಲ್ಲ. ಆದರೂ ಎಲ್ಲರೂ ಹೇಳುವುದು ‘ಕ್ಯಾಪ್ ನೋಯುತ್ತಿದೆ’ ಎಂದೇ. ನೋಯುತ್ತಿರುವುದು ಒಳಗಿನ ಹಲ್ಲೋ, ಅದರ ಬೇರಿನ ಸುತ್ತಲ ಭಾಗವೋ, ಒಸಡೋ, ಪಕ್ಕದ ಹಲ್ಲೋ, ಎದುರು ಸಾಲಿನದೋ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಾನು ದಂತವೈದ್ಯನಲ್ಲ. ತುಮಕೂರಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಕ್ಯಾಪ್ ತಯಾರಿಸುವ ಕೆಲಸ ನನ್ನದು. ಗುಬ್ಬಿ, ಶಿರಾ, ಮಧುಗಿರಿ ಕಡೆಯ ಕ್ಲಿನಿಕ್‌ಗಳಿಂದ ಹಲ್ಲಿನ ಅಚ್ಚುಗಳು ಬರುತ್ತವೆ. ಮಾಡಿಕೊಟ್ಟ ಕ್ಯಾಪುಗಳಲ್ಲಿ ಕೆಲವು ದೂರಿನ ಚೀಟಿಯೊಂದಿಗೆ ವಾಪಸ್ಸೂ ಬರುತ್ತವೆ. ಚೀಟಿಯಲ್ಲಿ ‘ನೋವು’ ಎಂಬ ಒಂದೇ ಪದವಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಯಾವಾಗಿನಿಂದ ನೋಯುತ್ತಿದೆ, ಏನು ಮಾಡಿದಾಗ ನೋಯುತ್ತದೆ, ಶುರುವಾದ ನೋವು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಮೂರು ಸಂಗತಿಗಳು ಬೇಕು. ಚಿಕಿತ್ಸೆ ವೈದ್ಯರ ಕೆಲಸ. ಆದರೆ ಈ ಮೂರಕ್ಕೆ ಉತ್ತರ ಕೊಡಬಲ್ಲವರು ನೀವೊಬ್ಬರೇ. ಅದಕ್ಕೆ ಬೇಕಾಗುವ ಸಾಮಾನು ಒಂದು ಪುಟ್ಟ ಕನ್ನಡಿ, ಮೊಬೈಲಿನ ಟಾರ್ಚ್, ಸ್ವಲ್ಪ ಹತ್ತಿ, ಫ್ಲಾಸ್ ದಾರ ಮತ್ತು ಒಂದು ಲೋಟ ತಣ್ಣೀರು.

ಮೊದಲು: ಪರೀಕ್ಷೆ ಮಾಡುತ್ತ ಕೂರಬಾರದ ಸಂದರ್ಭಗಳು

ಮುಖ ಊದಿ ಬಾವು ಕಣ್ಣಿನತ್ತ ಏರುತ್ತಿದ್ದರೆ ಅಥವಾ ಕತ್ತಿನತ್ತ ಇಳಿಯುತ್ತಿದ್ದರೆ, ಜೊತೆಗೆ ಜ್ವರವಿದ್ದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ ಮುಂದಿನದನ್ನು ಓದಬೇಡಿ. ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ. ಕಳಚಿದ ಕ್ಯಾಪ್ ಗಂಟಲಿಗೆ ಹೋಗಿ ಆಮೇಲೆ ಬಿಡದ ಕೆಮ್ಮು ಅಥವಾ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬಂದರೂ ಅಷ್ಟೇ. ಹೊಟ್ಟೆಗೆ ಹೋದ ಕ್ಯಾಪ್ ಸಾಮಾನ್ಯವಾಗಿ ಮಲದಲ್ಲಿ ತಾನೇ ಹೊರಬೀಳುತ್ತದೆ. ಶ್ವಾಸನಾಳಕ್ಕೆ ಹೋದದ್ದು ಹಾಗೆ ಬರುವುದಿಲ್ಲ. ಯಾವುದಕ್ಕೂ ವೈದ್ಯರಿಗೆ ತಿಳಿಸಿ.

ಕಚ್ಚಿದಾಗ ನೋವು

ಅತಿ ಹೆಚ್ಚು ಬರುವ ದೂರು ಇದು. ಕಾರಣಗಳು ಹಲವು, ಆದ್ದರಿಂದ ನಿಧಾನವಾಗಿ ನೋಡಬೇಕು.

ಹೊಸ ಕ್ಯಾಪ್ ಕೂರಿಸಿದ ಒಂದೆರಡು ದಿನಗಳಲ್ಲೇ ಶುರುವಾಗಿದ್ದರೆ ಮೊದಲ ಅನುಮಾನ ಎತ್ತರದ ಮೇಲೆ. ನೆಟ್ಟಗೆ ಕುಳಿತು ಬಾಯಿಯನ್ನು ಮೆಲ್ಲಗೆ ಮುಚ್ಚಿ. ಎಲ್ಲ ಹಲ್ಲುಗಳೂ ಒಟ್ಟಿಗೆ ಕೂಡುವ ಮೊದಲೇ ಕ್ಯಾಪಿನ ಹಲ್ಲು ಎದುರಿನದಕ್ಕೆ ತಾಗುತ್ತದೆಯೇ? ತಾಗಿದರೆ ಕ್ಯಾಪ್ ಎತ್ತರವಾಗಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೂರಿಸಿದ ದಿನ ಇದು ಗೊತ್ತಾಗುವುದಿಲ್ಲ. ಅರ್ಧ ಬಾಯಿ ಜೋಮು ಹಿಡಿದಿರುವಾಗ ‘ಸರಿಯಾಗಿದೆಯೇ?’ ಎಂದು ಕೇಳಿದರೆ ಯಾರಾದರೂ ಹೌದೆಂದೇ ತಲೆಯಾಡಿಸುತ್ತಾರೆ. ಜೋಮು ಇಳಿದ ಮೇಲೆ ಕೂದಲೆಳೆಗಿಂತ ತೆಳುವಾದ ಏರನ್ನೂ ಹಲ್ಲು ಪತ್ತೆ ಹಚ್ಚುತ್ತದೆ.

ಇದಕ್ಕೆ ಪರಿಹಾರ ಸುಲಭ. ವೈದ್ಯರು ಬಣ್ಣದ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತಾರೆ, ಗಾಢವಾಗಿ ಗುರುತು ಬಿದ್ದ ಜಾಗವನ್ನು ಉಜ್ಜಿ, ಮತ್ತೆ ನುಣುಪು ಮಾಡುತ್ತಾರೆ. ಕೆಲವು ನಿಮಿಷಗಳ ಕೆಲಸ. ಇಷ್ಟಕ್ಕಾಗಿ ಮತ್ತೆ ಹೋಗಲು ಸಂಕೋಚಪಟ್ಟು ‘ಅಭ್ಯಾಸವಾಗುತ್ತದೆ’ ಎಂದು ವಾರಗಟ್ಟಲೆ ಸಹಿಸುವವರು ಬಹಳ ಮಂದಿ. ಅಭ್ಯಾಸವಾಗುವುದಿಲ್ಲ. ಬೇರಿನ ಸುತ್ತಲಿನ ಭಾಗ ಉರಿಗೊಳ್ಳುತ್ತದೆ, ಎದುರು ಹಲ್ಲಿಗೂ ನೋವು ಶುರುವಾಗುತ್ತದೆ, ಮೇಲಿನ ಪಿಂಗಾಣಿ ಚಕ್ಕೆ ಏಳಬಹುದು. ಇನ್ನು ಕೆಲವರು ಉಗುರು ಉಜ್ಜುವ ಅರದಿಂದ ತಾವೇ ಉಜ್ಜಿಕೊಳ್ಳುತ್ತಾರೆ. ನುಣುಪು ಕಳೆದುಕೊಂಡು ಒರಟಾದ ಜಿರ್ಕೋನಿಯಾ ಎದುರಿನ ಹಲ್ಲನ್ನು ದಿನದಿನವೂ ತೇಯುತ್ತದೆ, ಆದ್ದರಿಂದ ಆ ಸಾಹಸ ಬೇಡ.

‘ರೂಟ್ ಕೆನಾಲ್ ಮಾಡಿಸಿ ನರವನ್ನೇ ತೆಗೆಸಿದ್ದೇನೆ, ಕಚ್ಚಿದರೆ ಹೇಗೆ ನೋಯುತ್ತದೆ?’ ಎಂದು ಕೇಳುವವರಿಗೆ ಒಂದು ಮಾತು. ತೆಗೆದದ್ದು ಹಲ್ಲಿನ ಒಳಗಿನ ನರವನ್ನು. ಬೇರನ್ನು ದವಡೆಯ ಮೂಳೆಗೆ ಬಿಗಿದಿರುವ ತೆಳ್ಳನೆಯ ನಾರಿನ ಪದರ ಹಾಗೆಯೇ ಇದೆ, ಅದರಲ್ಲಿ ನರಗಳೂ ಇವೆ. ಒತ್ತಡ ತಿಳಿಯುವುದು ಅಲ್ಲಿ. ಹಾಗಾಗಿ ನರವಿಲ್ಲದ ಹಲ್ಲೂ ಕಚ್ಚಿದಾಗ ನೋಯಬಹುದು.

ಕ್ಯಾಪ್ ಹಾಕಿಸಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನೋವು ಬಂದಿದ್ದರೆ ಎತ್ತರದ ಪ್ರಶ್ನೆಯನ್ನು ಬದಿಗಿಡಿ. ಒದ್ದೆ ಹತ್ತಿಯನ್ನು ಸಣ್ಣ ಉಂಡೆ ಮಾಡಿ, ಅನುಮಾನದ ಹಲ್ಲಿನ ಒಂದೊಂದು ಮೂಲೆಯ ಮೇಲೂ ಇಟ್ಟು ಮೆಲ್ಲಗೆ ಕಚ್ಚಿ, ಬಿಡಿ. ಪಕ್ಕದ ಹಲ್ಲುಗಳ ಮೇಲೂ ಹೀಗೆಯೇ ಮಾಡಿ. ಕಚ್ಚಿದಾಗ ಸುಮ್ಮನಿದ್ದು, ಬಿಟ್ಟ ಕ್ಷಣದಲ್ಲಿ ಒಂದೇ ಮೂಲೆಯಲ್ಲಿ ಚುಳ್ಳೆಂದರೆ ಹಲ್ಲಿನಲ್ಲಿ ಬಿರುಕು ಇರುವ ಸಂಭವವಿದೆ. ಎಕ್ಸ್‌ರೇಯಲ್ಲಿ ಬಿರುಕು ಹಲವು ಸಲ ಕಾಣುವುದೇ ಇಲ್ಲ. ಆದ್ದರಿಂದ ಈ ‘ಬಿಟ್ಟಾಗ ನೋವು’ ಎಂಬ ಮಾತನ್ನು ವೈದ್ಯರಿಗೆ ಮರೆಯದೆ ಹೇಳಿ. ಮಂದವಾದ ನೋವಿದ್ದು, ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಆಗಾಗ ಅದು ಒಡೆದು ಬಾಯಿ ಉಪ್ಪುಪ್ಪಾದರೆ ಬೇರಿನ ತುದಿಯಲ್ಲಿ ಕೀವಾಗಿದೆ ಎಂದು ಅನುಮಾನಿಸಬೇಕು. ಗುಳ್ಳೆ ಒಡೆದಾಗ ನೋವು ತಗ್ಗುತ್ತದೆ, ವಾಸಿಯಾಯಿತು ಎಂದು ಜನ ಸುಮ್ಮನಾಗುತ್ತಾರೆ. ಸೋಂಕು ಅಲ್ಲೇ ಇರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಆ್ಯಂಟಿಬಯೋಟಿಕ್ ಮಾತ್ರೆ ಮಾಡುವುದೂ ಇಷ್ಟನ್ನೇ, ನೋವನ್ನು ಕೆಲ ದಿನ ಮುಂದೂಡುತ್ತದೆ.

ತಣ್ಣಗಿನದು, ಬಿಸಿಯದು

ಇಲ್ಲಿ ಮೊದಲು ತಿಳಿಯಬೇಕಾದದ್ದು ಒಂದೇ: ಕ್ಯಾಪಿನ ಅಡಿಯ ಹಲ್ಲಿಗೆ ರೂಟ್ ಕೆನಾಲ್ ಆಗಿದೆಯೇ ಇಲ್ಲವೇ?

ಆಗಿಲ್ಲದಿದ್ದರೆ, ಹೊಸದರಲ್ಲಿ ತಣ್ಣೀರು ಕುಡಿದಾಗ ಹಲ್ಲು ಜುಮ್ಮೆನ್ನುವುದು ಸಹಜ. ಕ್ಯಾಪಿಗಾಗಿ ಸುತ್ತಲೂ ತೇಯ್ದಿರುವ ಹಲ್ಲು ಚೇತರಿಸಿಕೊಳ್ಳಲು ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಬೇಕು. ಒಂದು ಗುಟುಕು ಕುಡಿದು ಮನಸ್ಸಿನಲ್ಲೇ ಎಣಿಸಿ. ಹತ್ತು ಎಣಿಸುವುದರೊಳಗೆ ಜುಮ್ಮು ಹೋಗಿ, ದಿನ ಕಳೆದಂತೆ ಕಡಿಮೆಯಾಗುತ್ತ ಬಂದರೆ ಕಾಯಬಹುದು. ನೀರು ಕೆಳಗಿಟ್ಟ ಮೇಲೂ ನೋವು ನಿಮಿಷಗಟ್ಟಲೆ ಎಳೆದರೆ, ಬಿಸಿ ಕಾಫಿಗೆ ಹೆಚ್ಚಾದರೆ, ರಾತ್ರಿ ಮಲಗಿದೊಡನೆ ಮಿಡಿಯತೊಡಗಿದರೆ ಒಳಗಿನ ನರ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ರೂಟ್ ಕೆನಾಲ್ ಬೇಕಾಗಬಹುದು. ಕ್ಯಾಪ್ ಹಾಳಾಗುತ್ತದೆ ಎಂಬ ಭಯ ಬೇಡ, ಎಷ್ಟೋ ಸಲ ಕ್ಯಾಪಿನ ಮೇಲ್ಭಾಗದಲ್ಲಿ ರಂಧ್ರ ಕೊರೆದು ಚಿಕಿತ್ಸೆ ಮುಗಿಸಿ ಮುಚ್ಚುತ್ತಾರೆ.

ರೂಟ್ ಕೆನಾಲ್ ಆಗಿದ್ದರೆ ಆ ಹಲ್ಲಿಗೆ ತಣ್ಣಗಿನದು ತಿಳಿಯಬಾರದು. ತಿಳಿಯುತ್ತಿದೆ ಎಂದರೆ ಹೆಚ್ಚಾಗಿ ಪಕ್ಕದ ಹಲ್ಲು ಕೂಗುತ್ತಿದೆ. ಕೆಲವೊಮ್ಮೆ ಚಿಕಿತ್ಸೆಯಲ್ಲಿ ಒಂದು ನಾಳ ಉಳಿದುಹೋಗಿರುತ್ತದೆ. ಈ ಒಂದು ಸುಳಿವೇ ಸುಮ್ಮನೆ ಕ್ಯಾಪ್ ಬಿಚ್ಚುವುದನ್ನು ತಪ್ಪಿಸಬಲ್ಲದು.

ಕ್ಯಾಪ್ ಕಳಚಿ ಕೈಗೆ ಬಂದರೆ

ಗಾಬರಿ ಬೇಡ. ಮೊದಲು ಸಿಂಕಿನ ತೂತಿಗೆ ಬಟ್ಟೆ ಮುಚ್ಚಿ, ಆಮೇಲೆ ತೊಳೆಯಿರಿ. ಕರವಸ್ತ್ರದಲ್ಲೋ ಕಾಗದದಲ್ಲೋ ಸುತ್ತಿಟ್ಟ ಕ್ಯಾಪ್ ಕಸದ ಜೊತೆ ಹೋಗುವುದೇ ಹೆಚ್ಚು. ಮಾತ್ರೆಯ ಖಾಲಿ ಡಬ್ಬಿ ಒಳ್ಳೆಯ ಜಾಗ.

ಈಗ ಟಾರ್ಚ್ ಹಾಕಿ ಕ್ಯಾಪಿನ ಒಳಗೆ ನೋಡಿ. ಲ್ಯಾಬಿನಲ್ಲಿ ನಾವು ಮಾಡುವ ಮೊದಲ ಕೆಲಸವೂ ಇದೇ. ಹೊರಮೈ ಏನೂ ಹೇಳುವುದಿಲ್ಲ, ಹೇಳುವುದೆಲ್ಲ ಒಳಮೈ.

ಒಳಗೆ ಬೆಳ್ಳಗಿನ ಇಲ್ಲವೇ ತಿಳಿಹಳದಿ ಸಿಮೆಂಟಿನ ಪದರ ಮಾತ್ರ ಅಂಟಿದ್ದು, ಬಾಯಿಯಲ್ಲಿ ಉಳಿದ ಮೋಟು ಹಲ್ಲು ಗಟ್ಟಿಯಾಗಿ ಇಡಿಯಾಗಿದ್ದರೆ ಅದು ಒಳ್ಳೆಯ ಸುದ್ದಿ. ಸಿಮೆಂಟ್ ಬಿಟ್ಟಿದೆ, ಅಷ್ಟೇ. ಶುಚಿ ಮಾಡಿ ಅದೇ ಕ್ಯಾಪನ್ನು ಮತ್ತೆ ಕೂರಿಸಬಹುದು. ಸಿಮೆಂಟೆಲ್ಲ ಹಲ್ಲಿನ ಮೇಲೆಯೇ ಉಳಿದು ಕ್ಯಾಪಿನ ಒಳಮೈ ನುಣ್ಣಗೆ ಬರಿದಾಗಿದ್ದರೆ ಆಗ ವಿಚಾರಣೆ ನಮ್ಮ ಲ್ಯಾಬಿನ ಕಡೆಗೆ ತಿರುಗುತ್ತದೆ: ಜಿರ್ಕೋನಿಯಾದ ಒಳಮೈಯನ್ನು ಅಲ್ಯುಮಿನಾ ಪುಡಿ ಊದಿ ಸ್ವಲ್ಪ ಒರಟು ಮಾಡಿದ್ದರೆ ಸಿಮೆಂಟಿಗೆ ಹಿಡಿತ ಸಿಗುತ್ತದೆ.

ಒಳಗೆ ಗಟ್ಟಿಯಾದ, ಹಳದಿ ಛಾಯೆಯ ತುಂಡೊಂದು ತುಂಬಿಕೊಂಡಿದ್ದರೆ, ಬಾಯಿಯಲ್ಲಿ ಒಸಡಿನ ಮಟ್ಟಕ್ಕೆ ಮುರಿದ ಜಾಗ ಕಂಡರೆ, ಕಳಚಿದ್ದು ಕ್ಯಾಪ್ ಮಾತ್ರವಲ್ಲ, ಹಲ್ಲು ಮುರಿದು ಅದರೊಂದಿಗೆ ಬಂದಿದೆ. ಹುಳುಕಿಗೂ ರೂಟ್ ಕೆನಾಲಿಗೂ ಬಹುಪಾಲು ಕಳೆದುಕೊಂಡು ತೆಳುವಾಗಿದ್ದ ಹಲ್ಲುಗಳಲ್ಲಿ ಹೀಗಾಗುತ್ತದೆ. ಬೇರಿನೊಳಗೆ ಪೋಸ್ಟ್ ಎಂಬ ಆಸರೆಯ ಕಡ್ಡಿ ಕೂರಿಸಿ ಹಲ್ಲನ್ನು ಮತ್ತೆ ಕಟ್ಟಲಾದೀತೇ, ತೆಗೆಯಲೇಬೇಕೇ ಎಂಬುದು ಉಳಿದಿರುವ ಹಲ್ಲಿನ ಮೇಲೆ ನಿಂತಿದೆ.

ಒಳಗೆ ಕಂದು ಬಣ್ಣದ ಮೆತ್ತನೆ ವಸ್ತು, ಮೂಗಿಗೆ ಹಿಡಿದರೆ ಕೊಳೆತ ವಾಸನೆ: ಇದು ಹುಳುಕು. ಕ್ಯಾಪಿನ ಅಂಚು ಮುಗಿದು ಹಲ್ಲು ಶುರುವಾಗುವ ಗೆರೆಯಲ್ಲಿ ಅದು ಒಳನುಸುಳಿರುತ್ತದೆ. ಹುಳುಕನ್ನು ಕೆರೆದು ತೆಗೆದ ಮೇಲೆ ಹಲ್ಲಿನ ಆಕಾರವೇ ಬದಲಾಗುವುದರಿಂದ ಹಳೆಯ ಕ್ಯಾಪ್ ಸಾಮಾನ್ಯವಾಗಿ ಕೂರುವುದಿಲ್ಲ. ‘ಇದನ್ನೇ ಅಂಟಿಸಿಕೊಡಿ’ ಎಂದು ವೈದ್ಯರನ್ನು ಒತ್ತಾಯಿಸಬೇಡಿ. ಅಂಟಿಸಿಕೊಟ್ಟರೂ ಕೆಳಗಿನ ಹುಳುಕು ಮುಂದುವರಿಯುತ್ತದೆ.

ವೈದ್ಯರು ಸಿಗುವವರೆಗೆ ಏನು ಮಾಡುವುದು? ಫೆವಿಕ್ವಿಕ್ ಮುಟ್ಟಬೇಡಿ. ಅದು ಒಸಡನ್ನು ಸುಡುತ್ತದೆ, ಕ್ಯಾಪ್ ಓರೆಯಾಗಿ ಕಚ್ಚಿಕೊಂಡರೆ ಬಿಡಿಸುವಾಗ ಹಲ್ಲೂ ಹೋಗಬಹುದು. ಕ್ಯಾಪ್ ಒತ್ತದೆಯೇ ಸಲೀಸಾಗಿ ಕೂರುವುದಾದರೆ ಕೃತಕ ದಂತಪಂಕ್ತಿಗೆ ಬಳಸುವ ಅಂಟನ್ನೋ, ಸ್ವಲ್ಪ ಟೂತ್‌ಪೇಸ್ಟನ್ನೋ ಒಳಗೆ ಸವರಿ ಹಗಲಲ್ಲಿ ಕೂರಿಸಿಕೊಳ್ಳಬಹುದು. ಮಲಗುವಾಗ ತೆಗೆದಿಡಿ, ನಿದ್ದೆಯಲ್ಲಿ ಗಂಟಲಿಗೆ ಇಳಿಯಬಾರದು. ಲವಂಗದ ಎಣ್ಣೆಯನ್ನು ಸುರಿಯಬೇಡಿ. ಅದು ಒಸಡಿಗೆ ಉರಿ ತರುತ್ತದೆ. ಮೇಲಾಗಿ ಅದರಲ್ಲಿರುವ ಯೂಜಿನಾಲ್ ಮುಂದೆ ವೈದ್ಯರು ಬಳಸುವ ರೆಸಿನ್ ಸಿಮೆಂಟ್ ಗಟ್ಟಿಯಾಗಲು ಅಡ್ಡಿ ಮಾಡುತ್ತದೆ. ನೋಯುವ ಜಾಗಕ್ಕೆ ಹೊಗೆಸೊಪ್ಪು ಒತ್ತುವುದು, ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವುದು ಹಳ್ಳಿಗಳಲ್ಲಿ ಈಗಲೂ ಇದೆ. ಎರಡರಿಂದಲೂ ಒಸಡು ಹಾಳಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಕೆಲವೇ ದಿನಗಳಲ್ಲಿ ಕ್ಲಿನಿಕ್ ತಲುಪಿ. ನೋವಿಲ್ಲವೆಂದು ತಿಂಗಳು ಬಿಟ್ಟರೆ ಪಕ್ಕದ ಹಲ್ಲುಗಳು ವಾಲುತ್ತವೆ, ಎದುರಿನದು ಇಳಿಯುತ್ತದೆ, ಸರಿಯಿದ್ದ ಕ್ಯಾಪಿಗೇ ಜಾಗವಿಲ್ಲದಂತಾಗುತ್ತದೆ.

ಅಂಟಿಸಿದಷ್ಟು ಸಲವೂ ಬೀಳುವ ಕ್ಯಾಪಿನ ಕಥೆ ಬೇರೆ. ಅಲ್ಲಿ ಸಿಮೆಂಟನ್ನು ದೂರಿ ಫಲವಿಲ್ಲ. ದವಡೆ ಹಲ್ಲಿನ ಮೋಟು 4 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ, ಅಥವಾ ಮೇಲಕ್ಕೆ ಹೋದಂತೆ ತೀರಾ ಚೂಪಾಗಿ ತೇಯ್ದಿದ್ದರೆ ಕ್ಯಾಪಿಗೆ ಹಿಡಿತವೇ ಸಿಗುವುದಿಲ್ಲ. ಮತ್ತೊಮ್ಮೆ ಅಂಟಿಸುವ ಮೊದಲು ಹಲ್ಲಿನ ಎತ್ತರವನ್ನು ಹೆಚ್ಚಿಸುವ ದಾರಿ ಇದೆಯೇ ಎಂದು ಕೇಳಿ.

ತಾತ್ಕಾಲಿಕ ಕ್ಯಾಪ್ ಬಿದ್ದರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ. ಅದು ತೆಗೆಯಲೆಂದೇ ಸಡಿಲ ಸಿಮೆಂಟಿನಲ್ಲಿ ಕೂರಿಸಿದ್ದು. ಕಡಲೆಕಾಯಿ ಮಿಠಾಯಿ ಅದರ ಪರಮಶತ್ರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ರಾಗಿ ಮುದ್ದೆಗೂ ಯಾವ ಅಭ್ಯಂತರವೂ ಇಲ್ಲ. ಮುದ್ದೆಯನ್ನು ಅಗಿಯುವವರು ನಮ್ಮ ಕಡೆ ಯಾರಿದ್ದಾರೆ! ಆದರೆ ಬಿದ್ದ ವಿಷಯವನ್ನು ಕ್ಲಿನಿಕ್ಕಿಗೆ ತಿಳಿಸಿ.

ಬೀಳದೆ ಸಡಿಲವಾದದ್ದು

ಬಿದ್ದ ಕ್ಯಾಪಿಗಿಂತ ಸಡಿಲವಾಗಿಯೂ ಬೀಳದೆ ಉಳಿದ ಕ್ಯಾಪ್ ಹೆಚ್ಚು ಅಪಾಯಕಾರಿ. ಮುಚ್ಚಳ ಸರಿಯಾಗಿ ಕೂರದ ಉಪ್ಪಿನಕಾಯಿ ಜಾಡಿಯಂತೆ, ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ, ಒಳಗೆ ಎಲ್ಲ ಕೆಡುತ್ತಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಆಮೇಲೆ ಬೆರಳಿನಿಂದ ಒಸಡಿನತ್ತ ಒತ್ತಿ, ಅಂಚನ್ನು ಕನ್ನಡಿಯಲ್ಲಿ ಗಮನಿಸಿ: ಒತ್ತಿದಾಗ ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಒಳಗೆ ಜಾಗ ಬಿಟ್ಟಿದೆ ಎಂದೇ ಅರ್ಥ. ಹಲ್ಲುಜ್ಜಿದ ಮೇಲೂ ಒಂದೇ ಕಡೆಯಿಂದ ಬರುವ ದುರ್ವಾಸನೆ, ಫ್ಲಾಸ್ ದಾರ ಎಳೆದು ಮೂಸಿದಾಗ ಅದೇ ನಾತ, ಇವೂ ಅದರ ಗುರುತುಗಳೇ.

ಮೂರು ಹಲ್ಲುಗಳ ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗ ತುಂಬಲು ಎರಡು ಪಕ್ಕದ ಹಲ್ಲುಗಳ ಕ್ಯಾಪಿಗೆ ಸೇರಿಸಿ ಮಾಡಿದ್ದು) ಹಾಕಿಸಿದವರು ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಒಂದು ತುದಿಯ ಸಿಮೆಂಟ್ ಬಿಟ್ಟರೂ ಇನ್ನೊಂದು ತುದಿ ಬಿಗಿಯಾಗಿ ಹಿಡಿದಿರುವುದರಿಂದ ಬ್ರಿಡ್ಜ್ ಬೀಳುವುದಿಲ್ಲ. ನರ ತೆಗೆದ ಹಲ್ಲಾದರೆ ನೋವೂ ಇರುವುದಿಲ್ಲ. ಸಡಿಲವಾದ ತುದಿಯ ಹಲ್ಲು ಸದ್ದಿಲ್ಲದೆ ಕರಗುತ್ತದೆ. ಲೋಹದ ಕ್ಯಾಪಿನ ಒಳಭಾಗ ಎಕ್ಸ್‌ರೇಯಲ್ಲಿ ಬರೀ ಬೆಳ್ಳಗೆ ಕಾಣುವುದರಿಂದ ಒಳಗಿನ ಹುಳುಕು ಅದರಲ್ಲೂ ಮರೆಯಾಗುತ್ತದೆ. ಅಂಚು ಮತ್ತು ಬೇರಿನ ತುದಿ ಮಾತ್ರ ತಿಳಿಯುತ್ತವೆ. ಬ್ರಿಡ್ಜಿನ ಎರಡೂ ತುದಿಗಳನ್ನು ಬೇರೆ ಬೇರೆಯಾಗಿ ಒತ್ತಿ ಗುಳ್ಳೆ ಏಳುತ್ತದೆಯೇ ನೋಡಿ.

ಆಹಾರ ಸಿಕ್ಕಿಕೊಳ್ಳುವುದು

ಪ್ರತಿ ಊಟಕ್ಕೂ ಅದೇ ಸಂದಿಯಲ್ಲಿ ಸೊಪ್ಪಿನ ನಾರೋ ಮಾಂಸದ ಎಳೆಯೋ ಕೂರುತ್ತಿದ್ದರೆ ಫ್ಲಾಸ್ ದಾರದಿಂದ ಪರೀಕ್ಷಿಸಿ. ಸರಿಯಾದ ಸಂದಿಯಲ್ಲಿ ದಾರ ಸ್ವಲ್ಪ ತಡೆದು ‘ಟಕ್’ ಎಂದು ಇಳಿಯಬೇಕು. ತಡೆಯೇ ಇಲ್ಲದೆ ಇಳಿದರೆ ಕ್ಯಾಪ್ ಪಕ್ಕದ ಹಲ್ಲಿಗೆ ತಾಗಿಲ್ಲ. ದಾರ ಎಳೆ ಎಳೆಯಾಗಿ ಹರಿದು ಬಂದರೆ ಅಂಚು ಒರಟಾಗಿದೆ, ಸಿಮೆಂಟಿನ ಚೂರು ಉಳಿದಿದೆ ಅಥವಾ ಪಕ್ಕದ ಹಲ್ಲಿನಲ್ಲಿ ಹುಳುಕಿದೆ. ಸಂದಿಯನ್ನು ಪಿನ್ನಿನಿಂದ ಕೆದಕಿ ಒಸಡಿಗೆ ಗಾಯ ಮಾಡಿಕೊಳ್ಳಬೇಡಿ. ಸಣ್ಣ ಸಂದಿಯನ್ನು ಪಕ್ಕದ ಹಲ್ಲಿಗೆ ಫಿಲ್ಲಿಂಗ್ ಮಾಡಿ ಮುಚ್ಚಬಹುದು, ದೊಡ್ಡದಾದರೆ ಕ್ಯಾಪನ್ನೇ ಬದಲಿಸಬೇಕು.

ಒಸಡು, ಕಪ್ಪು ಗೆರೆ, ಚಕ್ಕೆ

ಕ್ಯಾಪಿನ ಸುತ್ತಲಷ್ಟೇ ಒಸಡು ಕೆಂಪಾಗಿ, ಮುಟ್ಟಿದರೆ ರಕ್ತ ಬರುತ್ತಿದ್ದರೆ ಅಂಚಿನಲ್ಲಿ ಉಳಿದ ಸಿಮೆಂಟ್, ಹೊರಚಾಚಿದ ಅಂಚು, ಅಥವಾ ಬರೀ ಪಾಚಿ ಕಾರಣವಿರಬಹುದು. ರಕ್ತ ಬರುತ್ತದೆಂದು ಬ್ರಷ್ ಮಾಡುವುದನ್ನೇ ಬಿಟ್ಟರೆ ಅದು ಹೆಚ್ಚುತ್ತದೆ. ಮೃದು ಬ್ರಷ್ಷಿನಿಂದ ಒಂದೆರಡು ವಾರ ಅಂಚನ್ನು ಶ್ರದ್ಧೆಯಿಂದ ಉಜ್ಜಿದರೂ ಕಡಿಮೆಯಾಗದಿದ್ದರೆ ತೋರಿಸಿ. ನಿಕ್ಕಲ್ ಬೆರೆತ ಲೋಹ ಕೆಲವರಿಗೆ ಒಗ್ಗುವುದಿಲ್ಲ. ಸರ, ಗಡಿಯಾರದ ಪಟ್ಟಿ ತಾಗಿದರೆ ಚರ್ಮ ಕೆರೆಯುವವರು ಕ್ಯಾಪ್ ಹಾಕಿಸುವ ಮೊದಲೇ ಅದನ್ನು ಹೇಳಬೇಕು.

ಒಸಡಿನ ಬಳಿ ಕಾಣುವ ಕಪ್ಪು ಗೆರೆಯನ್ನು ಕಂಡು ಹುಳುಕೆಂದು ಹೆದರುವವರಿದ್ದಾರೆ. ಲೋಹದ ಮೇಲೆ ಪಿಂಗಾಣಿ ಹಾಕಿದ ಕ್ಯಾಪಿನಲ್ಲಿ ಒಸಡು ಸ್ವಲ್ಪ ಹಿಂದೆ ಸರಿದರೆ ಲೋಹದ ಅಂಚು ಹಾಗೆ ಇಣುಕುತ್ತದೆ. ನಕ್ಕಾಗ ಕಾಣುವುದು ಬಿಟ್ಟರೆ ತೊಂದರೆಯಿಲ್ಲ. ಆದರೂ ಮುಂದಿನ ಭೇಟಿಯಲ್ಲಿ ಒಮ್ಮೆ ತೋರಿಸಿ. ಹೊರಬಿದ್ದ ಬೇರು ಹುಳುಕಿಗೆ ಬೇಗ ತುತ್ತಾಗುತ್ತದೆ.

ಪಿಂಗಾಣಿಯ ಸಣ್ಣ ಚಕ್ಕೆ ಎದ್ದು ನಾಲಿಗೆಗೆ ಚೂಪಾಗಿ ತಾಗಿದರೆ ವೈದ್ಯರು ನುಣುಪು ಮಾಡುತ್ತಾರೆ. ಚಕ್ಕೆ ದೊಡ್ಡದಾದರೆ ಹೊಸದು. ಕಾರಣ ಕೇಳಿದರೆ ನಮ್ಮ ಜಿಲ್ಲೆಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ಗೋಟಡಿಕೆ ಕಡಿದದ್ದು, ತಿಪಟೂರು ಕೊಬ್ಬರಿಯನ್ನು ಗಿಟುಕಾಗಿಯೇ ಕಚ್ಚಿದ್ದು, ನಾಟಿ ಕೋಳಿ ಸಾರಿನ ಮೂಳೆ, ಸಂಕ್ರಾಂತಿಯ ಕಬ್ಬನ್ನು ಮುಂದಿನ ಹಲ್ಲಿನಲ್ಲಿ ಸಿಗಿದದ್ದು. ಏನನ್ನೂ ಕಚ್ಚದೆ ಚಕ್ಕೆ ಎದ್ದಿದ್ದರೆ, ಬೆಳಗ್ಗೆ ಏಳುವಾಗ ದವಡೆ ಬಿಗಿದು ಕಪಾಲ ನೋಯುತ್ತಿದ್ದರೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ಎಂದು ಮನೆಯವರನ್ನು ಕೇಳಿ. ಇದ್ದರೆ ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಸಿಕೊಳ್ಳುವುದು ಎರಡನೇ ಕ್ಯಾಪಿಗಿಂತ ಅಗ್ಗ.

ಬಣ್ಣ ಹೊಂದದಿರುವುದು

ಪಾವಗಡದ ಕಡೆಯವರಿಗೂ ಬಾಗೇಪಲ್ಲಿ, ಕೋಲಾರದ ಕಡೆಯವರಿಗೂ ಇರುವ ವಿಶೇಷ ಸಮಸ್ಯೆ ಇದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಆಳದ ಕೊಳವೆ ಬಾವಿಗಳ ನೀರಿನಲ್ಲಿ ಇದನ್ನು ಮೀರಿದ ಊರುಗಳು ಇಲ್ಲಿ ಸಾಕಷ್ಟಿವೆ. ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗ ಆ ನೀರು ಕುಡಿದವರ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ ಇರುತ್ತವೆ. ಅಂಥ ಬಾಯಿಗೆ ಅಚ್ಚ ಬಿಳಿಯ ಕ್ಯಾಪ್ ಹಾಕಿದರೆ ಅದೊಂದೇ ಎದ್ದು ಕಾಣುತ್ತದೆ. ಮುಂದಿನ ಹಲ್ಲಾದರೆ ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಲ್ಯಾಬಿಗೆ ಕಳುಹಿಸಲು ಹೇಳಿ. ಪಟ್ಟೆ, ಕಲೆಗಳನ್ನೂ ಪಿಂಗಾಣಿಯಲ್ಲಿ ತರಬಹುದು. ನೀರಿನಿಂದ ಕ್ಯಾಪಿಗೆ ಫ್ಲೋರೋಸಿಸ್, ಅಂದರೆ ಈ ಫ್ಲೋರೈಡ್ ಕಲೆ, ಬರುವುದಿಲ್ಲ. ಅದರ ಮೇಲೆ ಕಂದು ಬಣ್ಣ ಹತ್ತಿದ್ದರೆ ಅದು ಎಲೆ ಅಡಿಕೆಯದೋ ಕಾಫಿಯದೋ ಕಲೆ, ಕ್ಲಿನಿಕ್ಕಿನಲ್ಲಿ ಶುಚಿ ಮಾಡಿಸಿದರೆ ಹೋಗುತ್ತದೆ. ಕೆಂಪು ಹಲ್ಲುಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಪಿಂಗಾಣಿಯ ಹೊಳಪು ಹೋಗಿ ಕಲೆ ಇನ್ನೂ ಬೇಗ ಹತ್ತುತ್ತದೆ.

ಕ್ಲಿನಿಕ್ಕಿನಿಂದ ಬರೆಸಿಕೊಂಡು ಬರಬೇಕಾದದ್ದು

ಕ್ಯಾಪ್ ಯಾವ ವಸ್ತುವಿನದು, ಯಾವ ಸಿಮೆಂಟಿನಲ್ಲಿ ಕೂರಿಸಿದ್ದು, ಯಾವ ದಿನ, ಅಡಿಯ ಹಲ್ಲಿಗೆ ರೂಟ್ ಕೆನಾಲ್ ಆಗಿದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಜಿರ್ಕೋನಿಯಾದ ಜೊತೆ ಕೊಡುವ ವಾರಂಟಿ ಕಾರ್ಡನ್ನೇ ಇದಕ್ಕೆ ಸಾಕೆಂದು ತಿಳಿಯಬೇಡಿ. ಅದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಅನ್ವಯಿಸುತ್ತದೆ, ಅಡಿಯ ಹಲ್ಲು ಹುಳುಕಾದರೆ ಅಲ್ಲ. ಚೆನ್ನಾಗಿ ನೋಡಿಕೊಂಡ ಕ್ಯಾಪ್ 10ರಿಂದ 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ಅಷ್ಟರಲ್ಲಿ ನೀವು ಊರು ಬದಲಿಸಿರಬಹುದು, ಹಳೆಯ ಕ್ಲಿನಿಕ್ ಮುಚ್ಚಿರಬಹುದು. ಹೊಸ ವೈದ್ಯರು ಆ ಕ್ಯಾಪನ್ನು ಕೊರೆಯುವುದೋ ಬಿಚ್ಚುವುದೋ ಆದಾಗ ಜಿರ್ಕೋನಿಯಾಕ್ಕೆ ಒಂದು ಬಗೆಯ ಕೊರೆಯುವ ಮೊನೆ ಬೇಕು, ಲೋಹಕ್ಕೆ ಇನ್ನೊಂದು ಬಗೆಯದು. ಚೀಟಿಯಿದ್ದರೆ ಮೊದಲ ಭೇಟಿಯಲ್ಲೇ ಕೆಲಸ ಶುರುವಾಗುತ್ತದೆ.